ಗುಂಡು ಮಾವನ ಎಡಗಾಲು

ವಿಜ್ಞಾನ ಭವನದ ಗುಮ್ಮಟದಿಂದ ಇಳಿಬಿಟ್ಟ ಆ ಕಂಚಿನ ಗುಂಡಿನಂಥದ್ದು ಭೂಮಿಯ ಮೇಲೆ ಇನ್ನೊಂದಿಲ್ಲ. ಇದ್ದರೂ ಅದು ಇದರ ಮೊಮ್ಮಗನಿರಬೇಕು. ಅದರ ತೂಕ ಎಷ್ಟೆಂದರೆ, ಅದನ್ನು ಹೊತ್ತು ತಂದ ಲಾರಿಯ ಚಕ್ರಗಳು ಬಾಗಿಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಚೌಕವಾಗಿದ್ದವು. ತಂತಿಯ ಉದ್ದ ಎಷ್ಟೆಂದರೆ, ಮೇಲಿನ ಕೊಂಡಿಯ ಮೇಲೆ ಒಂದು ನೊಣ ಕೂತರೆ, ಆ ಸುದ್ದಿ ಕೆಳಗಿನ ಗುಂಡಿಗೆ ಮುಟ್ಟುವಷ್ಟರಲ್ಲಿ ನೊಣಕ್ಕೆ ಮುಪ್ಪು ಬಂದಿರುತ್ತಿತ್ತು. ಇಂಥ ಗುಂಡನ್ನು ಕಾಯುವವನು ಸಾಮಾನ್ಯನಾಗಿರಲು ಸಾಧ್ಯವೇ? ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಅದನ್ನು ಸಂಬಳ ಕೊಡುವ ಗುಮಾಸ್ತನೂ ಮರೆತು ಕಾಲವಾಗಿತ್ತು. ಎಲ್ಲರಿಗೂ ಅವನು ಗುಂಡು ಮಾವ. ತಲೆಯೂ ಆ ಹೆಸರಿಗೆ ಒಪ್ಪುವಂತೆ ಬೋಳಾಗಿ ಸಹಕರಿಸಿತ್ತು.

ಗುಂಡಿನ ಕೆಲಸ ಸುಲಭ. ಆಚೆಯಿಂದ ಈಚೆಗೆ ತೂಗುವುದು, ಅಷ್ಟೇ. ತಿರುಗುವುದು ಅದಲ್ಲ, ಅದರ ಕೆಳಗಿನ ನೆಲ. ಭೂಮಿ ತಿರುಗಿದಂತೆಲ್ಲ ಭವನದ ನೆಲವೂ, ನೋಡಲು ಬಂದವರೂ, ಅವರ ಕೈಯಲ್ಲಿನ ಟಿಕೆಟ್ಟೂ ತಿರುಗುತ್ತವೆ. ಗುಂಡು ಮಾತ್ರ ತನ್ನ ಹಠ ಬಿಡದೆ ಒಂದೇ ದಿಕ್ಕಿನಲ್ಲಿ ತೂಗುತ್ತದೆ. ಹಾಗಾಗಿ ನೋಡುವವರ ಕಣ್ಣಿಗೆ ಅದರ ದಾರಿಯೇ ಇಷ್ಟಿಷ್ಟಾಗಿ ಓರೆಯಾದಂತೆ ಕಾಣುತ್ತದೆ. ಅದನ್ನು ತೋರಿಸಿಕೊಡಲು ಗುಂಡಿನ ಸುತ್ತ ದೊಡ್ಡದೊಂದು ವೃತ್ತವಾಗಿ ಬೆರಳುದ್ದದ ಮರದ ಗೂಟಗಳನ್ನು ನಿಲ್ಲಿಸುತ್ತಿದ್ದರು. ಗೂಟವೆಂದು ಹೆಸರೇ ಹೊರತು ನೆಟ್ಟದ್ದಲ್ಲ, ಸುಮ್ಮನೆ ಇಟ್ಟದ್ದು. ಗುಂಡಿನ ತಳದ ಮೊನೆ ತಾಗಿ ಅವು ಹೊತ್ತು ಏರಿದಂತೆ ಒಂದೊಂದಾಗಿ ಬೀಳಬೇಕು. ಬಿದ್ದರೆ ಭೂಮಿ ತಿರುಗಿತು ಎಂದರ್ಥ.

ಗೂಟಗಳ ಆಚೆ ಒಂದು ಕಂಬಿಬೇಲಿ. ಬೇಲಿಯಾಚೆ ಜನ. ಬೇಲಿಗೆ ಒರಗಿ ಗುಂಡು ಮಾವ. ಅವನು ಬಾಯಿ ತೆರೆದನೆಂದರೆ ಪಕ್ಕದ ಕೋಣೆಯ ಗಡಿಯಾರಗಳೂ ನಿಂತು ಕೇಳುತ್ತಿದ್ದವು.

“ಭೂಮಿ ತಿರುಗುತ್ತೆ ಅನ್ನೋಕೆ ಪುಸ್ತಕ ಯಾಕೆ? ನಮ್ಮ ಮಾತಲ್ಲೇ ಇದೆಯಲ್ಲ. ಹೊತ್ತು ತಿರುಗುತ್ತೆ, ವರ್ಷ ಉರುಳುತ್ತೆ, ತಲೆ ಸುತ್ತುತ್ತೆ, ಅದೃಷ್ಟ ತಿರುಗುತ್ತೆ. ಸಾಲ ತಗೊಂಡೋನು ಒಬ್ಬ ಮಾತ್ರ ತಿರುಗಿ ನೋಡಲ್ಲ.”

ಜನ ನಗುತ್ತಿದ್ದರು. ಆ ನಗು ಅವನಿಗೆ ಊಟಕ್ಕಿಂತ ಹೆಚ್ಚು. ಮುಂದಿನ ಸಾಲಿನಲ್ಲಿ ನಾಲ್ಕು ಜನ ಇದ್ದರೆ ಅವನ ದನಿ ಮಾಮೂಲು. ಹಾಲು ಉಕ್ಕಿದಂತೆ ಜನ ಉಕ್ಕಿದರೆ ಅವನೂ ಉಕ್ಕಿ ಒಲೆಯೆಲ್ಲ ಗಲೀಜು.

ಆದರೆ ಈ ಗುಂಡಿಗೆ ಒಂದು ಮಡಿ ಇತ್ತು. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು, ಗುಂಡನ್ನು ಒಂದು ಬದಿಗೆ ಎಳೆದು, ಹತ್ತಿಯ ದಾರದಿಂದ ಕಂಬಿಗೆ ಕಟ್ಟಬೇಕು. ಅದರ ಮೈಯ ಅಲುಗಾಟವೆಲ್ಲ ಅಡಗುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಆಮೇಲೆ ದಾರಕ್ಕೆ ಬೆಂಕಿಕಡ್ಡಿ ತಾಗಿಸಬೇಕು. ದಾರ ಸುಟ್ಟು ತಾನಾಗಿ ತುಂಡಾದರೆ ಗುಂಡು ನೆಟ್ಟಗೆ ಹೊರಡುತ್ತದೆ. ಕೈಯಿಂದ ಬಿಟ್ಟರೆ, ಎಂಥ ಹೂವಿನಂಥ ಕೈಯಾದರೂ, ಕೂದಲೆಳೆಯಷ್ಟು ಅಡ್ಡಕ್ಕೆ ತಳ್ಳಿಯೇ ತಳ್ಳುತ್ತದೆ. ಆಗ ಗುಂಡು ಮೊಟ್ಟೆಯಾಕಾರದಲ್ಲಿ ಸುತ್ತುತ್ತ, ಗೂಟಗಳ ಪಕ್ಕದಲ್ಲಿ ಸೊಂಟ ತಿರುಗಿಸಿಕೊಂಡು ಹಾದುಹೋಗುತ್ತದೆ. ಒಂದೂ ಬೀಳುವುದಿಲ್ಲ.

ಒಂದು ಕಾಲದಲ್ಲಿ ಅವನು ಈ ಮಡಿಯನ್ನು ತಪ್ಪಿಸಿದವನೇ ಅಲ್ಲ. ಅವನ ಅಕ್ಕನ ಮಗಳು ಚಿಕ್ಕವಳಿದ್ದಾಗ ರಜೆಯ ದಿನಗಳಲ್ಲಿ ಅವನ ಜೊತೆ ಬಂದು, ಬೆಂಕಿಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ದಾರ ಹರಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೊದಲ ಗೂಟ ಬಿದ್ದ ದಿನ ಅವಳು ನೆಲಕ್ಕೆ ಅಂಗೈ ಊರಿ, “ಮಾವ, ನಿಧಾನ, ನಾವು ಬಿದ್ದುಬಿಡ್ತೀವಿ” ಎಂದಿದ್ದಳು. ಆವತ್ತೇ ಅವಳ ತಲೆಯೊಳಗೆ ವಿಜ್ಞಾನ ಹೊಕ್ಕಿತು ಎಂದು ಗುಂಡು ಮಾವ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿಕೊಂಡಿದ್ದಾನೆ.

ಕೆಟ್ಟದ್ದು ಒಂದೇ ಒಂದು ಬೆಳಗ್ಗೆ. ದಾರಿಯಲ್ಲಿ ಯಾರಿಗೋ ಗ್ರಹಣದ ಬಗ್ಗೆ ವಿವರಿಸುತ್ತ ನಿಂತು, ಅವನು ತಡವಾಗಿ ಬಂದ. ಬಾಗಿಲಲ್ಲಿ ಆಗಲೇ ಒಂದು ಶಾಲೆಗೆ ಶಾಲೆಯೇ ಕಾದು ನಿಂತಿತ್ತು. ದಾರ ಕಟ್ಟಿ ಕಾಯಲು ಪುರುಸೊತ್ತೆಲ್ಲಿ? ಕೈಯಿಂದಲೇ ಬಿಟ್ಟ. ಭಾಷಣ ಮುಗಿಯುತ್ತ ಬಂದರೂ ಒಂದು ಗೂಟವೂ ಮಿಸುಕಲಿಲ್ಲ. ಕೊನೆಯ ಸಾಲಿನಿಂದ ಒಂದು ದನಿ, “ಮಾವ, ಭೂಮಿ ನಿಂತೋಯ್ತಾ?” ಎಂದಿತು. ಭವನವೆಲ್ಲ ನಕ್ಕಿತು. ಈ ಸಲದ ನಗು ಅವನ ಜೊತೆಗಿರಲಿಲ್ಲ, ಅವನ ಮೇಲಿತ್ತು.

“ಎಲ್ಲರೂ ಮೇಲೆ ನೋಡಿ,” ಎಂದ ಗುಂಡು ಮಾವ, ಗುಮ್ಮಟದ ಕಡೆ ಕೋಲು ಚಾಚಿ. “ತಂತಿ ಎಲ್ಲಿಂದ ಇಳಿದಿದೆ ನೋಡಿ.”

ಎಲ್ಲರ ಕುತ್ತಿಗೆ ಮೇಲಕ್ಕೆ ಹೋಯಿತು. ಅವನ ಎಡಗಾಲು ಕಂಬಿಯ ಕೆಳಗಿನಿಂದ ಒಳಕ್ಕೆ ಹೋಯಿತು. ಬೂಟಿನ ತುದಿ ಒಂದು ಗೂಟವನ್ನು ಮುದ್ದಿಸಿತು. ಟಕ್. ಮಕ್ಕಳು ಚಪ್ಪಾಳೆ ಹೊಡೆದ ಸದ್ದಿಗೆ ಗುಮ್ಮಟದ ಪಾರಿವಾಳಗಳು ಪಕ್ಕದ ಜಿಲ್ಲೆಗೆ ವಲಸೆ ಹೋದವು.

ಅಂದು ಅವನಿಗೆ ನಾಚಿಕೆಯಾಗದೆ ಇರಲಿಲ್ಲ. ನಾಳೆಯಿಂದ ಮತ್ತೆ ದಾರ ಎಂದುಕೊಂಡ. ನಾಳೆ ಬಂದಾಗ, ನಾಡಿದ್ದಿನಿಂದ ಎಂದುಕೊಂಡ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಎರಡನೆಯ ದಿನ ಕಣ್ಣು ಮುಚ್ಚುವ ಶ್ರಮವೂ ಇರುವುದಿಲ್ಲ. ಜನ ಕಡಿಮೆಯಿದ್ದರೆ ಒಂದು ಗೂಟ, ಜನ ಕಿಕ್ಕಿರಿದಿದ್ದರೆ ಉಮೇದಿನಲ್ಲಿ ಮೂರು. ಆ ಎಡಗಾಲು ಭೂಮಿಯನ್ನು ಎಷ್ಟು ವರ್ಷ ತಿರುಗಿಸಿತೆಂದು ಕೇಳಬೇಡಿ. ಭೂಮಿಗೇ ಅದು ಅಭ್ಯಾಸವಾಗಿಹೋಗಿತ್ತು.

ಹೀಗಿರುವಾಗ ಭವನಕ್ಕೆ ಹೊಸ ನಿರ್ದೇಶಕಿ ಬಂದರು. ದೊಡ್ಡ ಕನ್ನಡಕ, ದೊಡ್ಡ ಆಸೆ. ಗುಂಡಿನ ಹಿಂದಿನ ಗೋಡೆಯ ಮೇಲೆ ಒಂದು ಪರದೆ ಬೇಕು, ಗೂಟ ಬಿದ್ದ ಹಾಗೆಲ್ಲ ಅದರ ಮೇಲೆ ಭೂಮಿಯ ಚಿತ್ರ ತಾನೇ ತಿರುಗಬೇಕು, ಅದನ್ನು ನೋಡಲು ಊರೂರಿನ ವಿಜ್ಞಾನದ ಮೇಷ್ಟ್ರುಗಳನ್ನು ಕರೆಯಬೇಕು ಎಂದರು. ಕಂಪ್ಯೂಟರಿಗೆ ಆ ಬುದ್ಧಿ ಕಲಿಸುವ ಕೆಲಸ ಯಾರಿಗೆ ಬಂತೆಂದರೆ, ಗುಂಡು ಮಾವನ ಅಕ್ಕನ ಮಗಳಿಗೇ ಬಂತು. ಅದು ಅವಳ ಮೊದಲ ಸ್ವಂತ ಕೆಲಸ. ಸರಿಯಾದರೆ ಭವನದಲ್ಲೇ ಕಾಯಂ. ಕೆಟ್ಟರೆ, ನಿರ್ದೇಶಕಿಯ ಕೈಯಲ್ಲಿ ಬೇರೊಬ್ಬನ ವಿಳಾಸ ಸಿದ್ಧವಿತ್ತು.

ಅವಳು ಗುಮ್ಮಟದ ಕೆಳಗೆ ಕ್ಯಾಮೆರಾ ಕಟ್ಟಿಸುವಾಗ ಗುಂಡು ಮಾವನ ಎಡಗಾಲು ತಣ್ಣಗಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವನು ಬೂಟು ಮುಟ್ಟಿ ನೋಡಿಕೊಂಡ.

“ಅದರಲ್ಲಿ ನನ್ನ ಬೋಳುತಲೆ ಕಾಣುತ್ತೇನೇ ಮರಿ?” ಎಂದ, ತಮಾಷೆಯ ದನಿಯಲ್ಲಿ.

“ಇಲ್ಲ ಮಾವ. ಬಂದೋರ ಮುಖ ಎಲ್ಲ ಹಿಡಿಯೋದು ಸರಿಯಲ್ಲ ಅಂತ ಗೂಟ ಬಿಟ್ಟು ಉಳಿದಿದ್ದೆಲ್ಲ ಮುಚ್ಚಿಬಿಟ್ಟಿದೀನಿ. ಗೂಟ ನಿಂತಿದೆಯಾ, ಬಿದ್ದಿದೆಯಾ, ಅಷ್ಟೇ ಅದಕ್ಕೆ ಗೊತ್ತಾಗೋದು.”

ಗುಂಡು ಮಾವನಿಗೆ ಹೋದ ಉಸಿರು ಬಂತು. ಬಂದ ಉಸಿರಿಗೆ ಯಾಕೋ ಕೆಟ್ಟ ವಾಸನೆಯಿತ್ತು.

ಪರದೆ ಹೊತ್ತಿದ ದಿನವೇ ಭೂಮಿ ಕುಂಟತೊಡಗಿತು. ಬೆಳಗ್ಗೆಯೆಲ್ಲ ಗಟ್ಟಿ ನಿದ್ದೆ. ಭಾಷಣದ ಹೊತ್ತಿಗೆ ದಡಬಡ ಎದ್ದು ಒಂದು ನೆಗೆತ. ಮತ್ತೆ ನಿದ್ದೆ. ಒಮ್ಮೆಯಂತೂ ಗುಂಡು ಮಾವ ನಗಿಸುವ ಭರದಲ್ಲಿ ಈ ಕಡೆಯ ಗೂಟದ ಬದಲು ಆ ಕಡೆಯದನ್ನು ತಳ್ಳಿದ್ದರಿಂದ, ಪರದೆಯ ಮೇಲಿನ ಭೂಮಿ ಎಲ್ಲರೆದುರು ಹಿಂದಕ್ಕೆ ತಿರುಗಿ ನಿನ್ನೆಗೆ ಹೋಗಿಬಿಟ್ಟಿತು.

“ಏನಮ್ಮಾ, ನಿನ್ನ ಭೂಮಿ ಕುಡಿದಿದೆಯಾ?” ಎಂದರು ನಿರ್ದೇಶಕಿ.

ಅವಳು ತಲೆ ತಗ್ಗಿಸಿದಳು. ಬೇಲಿಗೆ ಒರಗಿದ್ದ ಗುಂಡು ಮಾವ ಗುಮ್ಮಟ ನೋಡಿದ.

ಅಂದಿನಿಂದ ಊಟದ ಹೊತ್ತಿಗೆ ಅವಳು ಗುಂಡು ಮಾವ ಉಣ್ಣುವ ಹಿಂದಿನ ಸಾಮಾನು ಕೋಣೆಗೆ ಬರತೊಡಗಿದಳು. ಡಬ್ಬಿ ತೆರೆಯುತ್ತಿರಲಿಲ್ಲ, ಕಂಪ್ಯೂಟರ್ ತೆರೆಯುತ್ತಿದ್ದಳು. ತಾನು ಬರೆದದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿದರೆ ತಪ್ಪು ತಾನಾಗಿ ಸಿಗುತ್ತದೆ, ಅದು ತಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಎಂದಳು. ಗೋಡೆಗೆ ಹೇಳಬಾರದೇ ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ಗೋಡೆ ಹೂಂ ಅನ್ನುವುದಿಲ್ಲ ಎಂದಳು.

“ನೋಡು ಮಾವ, ಇಲ್ಲಿಂದ ಶುರು. ಮೊದಲು ಗೂಟ ನೋಡು ಅಂತ ಹೇಳ್ತೀನಿ.”

“ಹೂಂ.”

“ಯಾವುದು ಬಿದ್ದಿದೆ ಅಂತ ಕೇಳ್ತೀನಿ. ಬಿದ್ದಿದ್ರೆ ಭೂಮಿ ಅಷ್ಟು ತಿರುಗಿದೆ ಅಂತ ಲೆಕ್ಕ. ಬಿದ್ದಿಲ್ಲ ಅಂದ್ರೆ ಸುಮ್ನಿರು. ಆಮೇಲೆ ಮತ್ತೆ ಮೇಲಕ್ಕೆ ಹೋಗು, ಮೊದಲಿಂದ ನೋಡು. ಸುತ್ತು ಬಿಟ್ಟು ಹೊರಗೆ ಹೋಗೋ ದಾರಿನೇ ಇಲ್ಲ. ಎಲ್ಲಿ ತಪ್ಪಿದೆ ಹೇಳು?”

“ಹೂಂ,” ಎಂದ ಗುಂಡು ಮಾವ. ತಪ್ಪು ಮೇಜಿನ ಕೆಳಗೆ, ಕಪ್ಪು ಪಾಲಿಶ್ ಹಾಕಿಕೊಂಡು, ಲೇಸು ಕಟ್ಟಿಕೊಂಡು ಕೂತಿತ್ತು. ಅವನು ಅದನ್ನು ಕುರ್ಚಿಯ ಹಿಂದಕ್ಕೆ ಎಳೆದುಕೊಂಡ.

ಅವಳು ಮತ್ತೆ ಮೊದಲಿಂದ ಓದಿದಳು. ಮರುದಿನ ಮತ್ತೆ. ಗಾಣದ ಎತ್ತು ಕೂಡ ಸಂಜೆಗೆ ಬಿಡುಗಡೆ ಕಾಣುತ್ತದೆ. ಈ ಹುಡುಗಿ ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಹಲ್ಲುಜ್ಜುವಾಗಲೂ ತುಟಿ ಅಲ್ಲಾಡಿಸುತ್ತ ಅದೇ ಸುತ್ತು ಹಾಕುತ್ತಿದ್ದಳು. ಗುಂಡು ಮಾವ ಒಮ್ಮೆ ಧೈರ್ಯ ಮಾಡಿ, ತಪ್ಪು ಕಂಪ್ಯೂಟರಿನದಲ್ಲದೆ ಗುಂಡಿನದೇ ಇರಬಹುದಲ್ಲ ಎಂದು ನೋಡಿದ.

ಅವಳು ನಕ್ಕಳು. ಆ ನಗುವಿನಲ್ಲಿ ಬೆಂಕಿಪೊಟ್ಟಣ ಹಿಡಿದ ಮಗು ಹಾಗೇ ಇತ್ತು.

“ಗುಂಡು ಸುಳ್ಳು ಹೇಳಲ್ಲ ಮಾವ. ನೀನೇ ಹೇಳಿಕೊಟ್ಟಿದ್ದು. ತಪ್ಪು ನಂದೇ.”

ಕಂಚಿನ ಗುಂಡು ತಂತಿ ಕಡಿದು ನೇರ ಎದೆಯ ಮೇಲೆ ಬಿದ್ದಿದ್ದರೂ ಅವನು ಅಷ್ಟು ಜಜ್ಜಿಹೋಗುತ್ತಿರಲಿಲ್ಲ. ಹೇಳಿಬಿಡಲೇ ಎಂದು ಬಾಯಿ ತೆರೆದ. ಒಳಗೆ ಅನ್ನವಿತ್ತು. ನುಂಗಿದ.

ಇನ್ನು ಅವನ ಜೊತೆ ಒಂದೇ ಮನೆಯಲ್ಲಿದ್ದ ಅಕ್ಕ. ಅವಳು ಹೊಲಿಗೆಯವಳು, ಮಾತನ್ನೂ ಬಟ್ಟೆಯಂತೆ ಅಳೆದು ಕತ್ತರಿಸುವವಳು. ಮಗಳು ತಟ್ಟೆಯ ಮುಂದೆ ಕೂತು, ಭವನದ ನೆಲವೇ ಸಮವಾಗಿಲ್ಲವೇನೋ, ಅದಕ್ಕೇ ಹೀಗಾಗುತ್ತಿರಬೇಕು ಎಂದಾಗ, ಹೊಲಿಗೆಯಂತ್ರದ ಚಕ್ರ ತಿರುಗಿಸುತ್ತಲೇ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದಳು. ಮಗಳು ನಗಲಿಲ್ಲ. ಗುಂಡು ಮಾವನೇ, “ಅವಳನ್ನ ಯಾಕಕ್ಕ ಹಂಗಂತೀಯ” ಎಂದು ಸಿಡುಕಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಹೋಗಿ ನಿಂತ. ಬೀದಿಯ ಕೊನೆಯ ತನಕ ನಡೆದ, ತಿರುಗಿ ಬಂದ, ಮತ್ತೆ ನಡೆದ. ಆ ಬೀದಿಯ ನಾಯಿಗಳು ಅವನನ್ನು ನೋಡಿ ತಲೆಸುತ್ತು ಬಂದು ಮಲಗಿದವು.

ಆದರೆ ನೆಲದ ವಿಚಾರ ಹುಡುಗಿಯ ತಲೆಯಿಂದ ಇಳಿಯಲಿಲ್ಲ. ಒಂದು ಬೆಳಗ್ಗೆ ಅವಳು ಕಣ್ಣು ಕೆಂಪಗೆ, ಮುಖ ಬೆಳ್ಳಗೆ ಓಡಿಬಂದು, ಟಿಕೆಟ್ ಕೊಡುವವರಿಂದ ಯಾವ ಹೊತ್ತಿಗೆ ಎಷ್ಟು ಜನ ಒಳಬಂದರೆಂದು ತೆಗೆದುಕೊಂಡು ಗೂಟದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದ್ದಾಗಿ ಹೇಳಿದಳು. ಎರಡೂ ಅವಳಿಜವಳಿ. ಜನ ಹೆಚ್ಚಿದಷ್ಟೂ ಗೂಟ ಹೆಚ್ಚು ಬೀಳುತ್ತದೆ. ಜನ ಇಲ್ಲದಾಗ ಒಂದೂ ಇಲ್ಲ. ಅಂದರೆ ಜನರ ಭಾರಕ್ಕೆ ನೆಲ ಎಲ್ಲೋ ಬಾಗುತ್ತಿದೆ, ಅದು ಕೊಂಡಿಯ ತನಕ ಹೋಗಿ ಗುಂಡಿನ ದಾರಿಯನ್ನು ತಿರುಗಿಸುತ್ತಿದೆ! ಜನ ಹೆಚ್ಚಿದ್ದಾಗ ಅಷ್ಟು ಭಾಗವನ್ನು ಕಳೆದು, ಜನ ಇಲ್ಲದಾಗ ಅಷ್ಟನ್ನು ಕೂಡಿಸುವಂತೆ ಅವಳು ಪ್ರೋಗ್ರಾಮಿನ ಸುತ್ತಿನೊಳಗೆ ಒಂದು ಸಾಲು ಸೇರಿಸಿದ್ದಳು. ಪರದೆಯ ಮೇಲೆ ಭೂಮಿ ಈಗ ಬೆಣ್ಣೆ ಜಾರಿದಂತೆ ತಿರುಗುತ್ತಿತ್ತು.

ನಿರ್ದೇಶಕಿಯ ಕನ್ನಡಕ ಸಂತೋಷಕ್ಕೆ ಮಂಜಾಯಿತು. ಇದು ಬರೀ ಪರದೆಯಲ್ಲ, ಸಂಶೋಧನೆ ಎಂದರು. ಮೇಷ್ಟ್ರುಗಳೆಲ್ಲ ಸೇರುವ ದಿನ ಅವಳೇ ಎದ್ದು ನಿಂತು ಇದನ್ನು ಸಾರಬೇಕು ಎಂದರು.

ಪಾಪ, ಲೆಕ್ಕ ತಪ್ಪಿರಲಿಲ್ಲ. ಜನ ಹೆಚ್ಚಿದಷ್ಟೂ ಗುಂಡು ಮಾವ ಉಬ್ಬುತ್ತಿದ್ದ, ಉಬ್ಬಿದಷ್ಟೂ ಕಾಲು ಚಾಚುತ್ತಿದ್ದ. ಆದರೆ ಗುಂಡನ್ನು ಬಲ್ಲ ಮೇಷ್ಟ್ರುಗಳ ಮುಂದೆ, ನೋಡಲು ಬಂದವರ ಭಾರಕ್ಕೆ ಭೂಮಿಯ ಲೆಕ್ಕ ತಪ್ಪುತ್ತದೆ ಎಂದು ಅವಳು ಹೇಳಿದರೆ? ಅವರು ಅಲ್ಲಿಯೇ ಕೂತು ಪರೀಕ್ಷೆ ಮಾಡುತ್ತಾರೆ. ಅವಳ ಮಾತು ಊರೂರಿನ ಶಾಲೆಗಳಲ್ಲಿ ನಗೆಚಾಟಿಕೆಯಾಗಿ ಸುತ್ತುತ್ತದೆ. ಅದು ಗುಂಡು ಮಾವನಿಗೆ ಹೊಳೆಯದೆ ಇರಲಿಲ್ಲ.

ಅವನು ಬುದ್ಧಿವಂತ. ಬಾಯಿಬಿಡದೆಯೇ ಸರಿಮಾಡಿಬಿಡುತ್ತೇನೆ ಎಂದುಕೊಂಡ. ಮಾರನೆಯ ದಿನ ಕೋಳಿಗಿಂತ ಮೊದಲು ಭವನಕ್ಕೆ ಬಂದು, ಹಳೆಯ ದಾರದುಂಡೆ ಹುಡುಕಿ, ಗುಂಡು ಕಟ್ಟಿ, ಅದು ಕಲ್ಲಿನಂತೆ ನಿಲ್ಲುವ ತನಕ ಕಾದು, ಕಡ್ಡಿ ಗೀರಿದ. ಗುಂಡು ನೆಟ್ಟಗೆ ಹೊರಟಿತು. ಎಷ್ಟೋ ವರ್ಷಗಳ ನಂತರ ಗೂಟ ತಾನಾಗಿ ಬಿತ್ತು. ಅವನ ಕಣ್ಣಲ್ಲಿ ನೀರೇ ಬಂತು.

ನೀರು ಒರೆಸಿಕೊಂಡು ಪರದೆ ನೋಡಿದರೆ, ಅಲ್ಲಿ ಭೂಮಿ ಹುಚ್ಚೆದ್ದಿತ್ತು. ಅವಳು ಸೇರಿಸಿದ್ದ ಸಾಲು, ಜನ ಬಾರದ ಹೊತ್ತೆಂದು, ಇಲ್ಲದ ಕೊರತೆಯನ್ನು ನಿಷ್ಠೆಯಿಂದ ತುಂಬುತ್ತ ಕೂತಿತ್ತು. ಅವನ ಸುಳ್ಳಿಗೆ ಅಳತೆ ಕೊಟ್ಟು ಹೊಲಿದ ಅಂಗಿ ನಿಜದ ಮೈಗೆ ಹಿಡಿಸಲಿಲ್ಲ.

ಅವಳು ಕೂಗಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೈ ಕಟ್ಟಿ ಕೂತು, ತಣ್ಣಗೆ, “ನಿನ್ನೆ ಸರಿ ಇದ್ದಿದ್ದು ಇವತ್ತು ಯಾಕೆ ತಪ್ಪಾಗುತ್ತೆ ಅಂತ್ಲೇ ಗೊತ್ತಾಗ್ತಿಲ್ಲ. ನನಗೆ ಇದು ಬರೋ ಕೆಲಸ ಅಲ್ಲ ಮಾವ. ಬಂದಿದೆ ಅಂದ್ಕೊಂಡಿದ್ದೆ, ಅಷ್ಟೇ” ಎಂದಳು. ಮೇಷ್ಟ್ರುಗಳು ಬಂದುಹೋಗಲಿ, ಆಮೇಲೆ ನಿರ್ದೇಶಕಿಗೆ ಹೇಳಿ ಬಿಟ್ಟುಬಿಡುತ್ತೇನೆ, ಅಮ್ಮನ ಜೊತೆ ಗುಂಡಿ ಹೊಲಿಯುತ್ತೇನೆ ಎಂದಳು.

ಇದನ್ನು ನೋಡಲಾರದೆ ಗುಂಡು ಮಾವ ಏನು ಮಾಡಿದ ಗೊತ್ತೇ? ಮಾರನೆಯ ದಿನ ಮತ್ತೆ ಕೈಯಿಂದ ಗುಂಡು ಬಿಟ್ಟ. ಮತ್ತೆ “ಮೇಲೆ ನೋಡಿ” ಎಂದ. ಮತ್ತೆ ಕಾಲು ಚಾಚಿದ. ಪರದೆಯ ಭೂಮಿ ಬೆಣ್ಣೆಯಂತೆ ಜಾರಿತು. ಅವಳ ಮುಖ ಅರಳಿತು. ನಿನ್ನೆ ಏನೋ ತಂತಿಗೆ ಗಾಳಿ ತಾಗಿರಬೇಕು ಎಂದಳು. ಅವಳ ಆ ಅರಳಿದ ಮುಖದ ಮುಂದೆ ಅವನು ನಿಂತಿರುವಾಗ, ಇಡೀ ಭವನದಲ್ಲಿ ಅವನಷ್ಟು ಸಣ್ಣ ವಸ್ತು ಯಾವುದೂ ಇರಲಿಲ್ಲ. ಸೂಕ್ಷ್ಮದರ್ಶಕದ ಕೋಣೆಯಲ್ಲಿಟ್ಟಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ.

ಸಮಾರಂಭದ ಹಿಂದಿನ ಸಂಜೆ ಇಬ್ಬರೂ ಬಸ್ಸಿಳಿದು ಮನೆಗೆ ನಡೆಯುತ್ತಿದ್ದರು. ಇವತ್ತು ಹೇಳಿಯೇ ತೀರಬೇಕೆಂದು ಅವನು ಶುರುಮಾಡಿದ. ಅವನ ಗೆಳೆಯನೊಬ್ಬನಿದ್ದನಂತೆ. ಆ ಗೆಳೆಯ ಗಡಿಯಾರದ ಅಂಗಡಿಯವನಂತೆ. ಅಂಗಡಿಯ ದೊಡ್ಡ ಗಡಿಯಾರ ನಿಂತುಹೋಗಿ, ಯಾರೂ ನೋಡದಾಗ ಅವನು ಬೆರಳಿನಿಂದ ಮುಳ್ಳು ತಳ್ಳುತ್ತಿದ್ದನಂತೆ. ಹಾಗೆ ತಳ್ಳುವವನಿಗೆ ಒಬ್ಬಳು ಮಗಳಂಥವಳು... ಇಲ್ಲಿಗೆ ಬಂದಾಗ ಗುಂಡು ಮಾವ ಗಡಿಯಾರ ಕಂಡುಹಿಡಿದವರ ಕಥೆಗೆ ಜಾರಿದ. ಅಲ್ಲಿಂದ ನೀರುಗಡಿಯಾರಕ್ಕೆ, ಅಲ್ಲಿಂದ ಬೀದಿ ನಲ್ಲಿಗೆ. ಕೈಯಿಂದ ಬಿಟ್ಟ ಗುಂಡಿನಂತೆ ಮಾತು ಸುತ್ತಿ ಬಳಸಿ, ಗೂಟದ ಪಕ್ಕದಲ್ಲೇ ಸೊಂಟ ತಿರುಗಿಸಿ ಹಾದುಹೋಯಿತು.

“ಪಾಪ, ಆ ಗೆಳೆಯನಿಗೆ ರಿಪೇರಿ ಬರ್ತಿರಲಿಲ್ವಾ?” ಎಂದಳು ಅವಳು, ನಾಳೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ.

“ಬರ್ತಿತ್ತು,” ಎಂದ ಗುಂಡು ಮಾವ.

ಮಾರನೆಯ ದಿನ ಅವನು ಮತ್ತೆ ಕೋಳಿಗಿಂತ ಮೊದಲು ಬಂದ. ದಾರ ಕಟ್ಟಿದ. ಕಾದ. ಕಡ್ಡಿ ಗೀರಿದ. ಮೊದಲನೆಯದು ಆರಿತು, ಎರಡನೆಯದು ಹೊತ್ತಿತು. ಅವನು ಮಾಡಲು ಹೊರಟದ್ದು ಇನ್ನೂ ಅವನಿಗೇ ಪೂರ್ತಿ ಗೊತ್ತಿರಲಿಲ್ಲ. ಇನ್ನೊಂದು ಸಲ ಕಾಲು ಚಾಚಿದರೆ ಈ ದಿನ ದಾಟಿಬಿಡುತ್ತದೆ ಎಂಬುದಂತೂ ಗೊತ್ತಿತ್ತು.

ಮೇಷ್ಟ್ರುಗಳು ಬಂದರು. ಬೇಲಿಯ ಸುತ್ತ ಎಷ್ಟು ಜನವೆಂದರೆ, ಗೋಡೆಗಳು ಹೊಟ್ಟೆ ಒಳಗೆಳೆದುಕೊಂಡು ಜಾಗ ಬಿಟ್ಟವು. ನಿರ್ದೇಶಕಿ ಹೊಸ ಸಂಶೋಧನೆ ಎಂದು ಹೇಳಿ ಕೂತರು. ಅಕ್ಕನ ಮಗಳು, ತಾಯಿ ಹೊಲಿದ ಹೊಸ ಬಟ್ಟೆಯಲ್ಲಿ, ಪರದೆಯ ಪಕ್ಕ ನಿಂತಿದ್ದಳು. ಮೊದಲು ಮಾವನ ಭಾಷಣ, ಗೂಟ ಬೀಳಬೇಕು, ಆಮೇಲೆ ಅವಳ ಮಾತು ಎಂದು ಗೊತ್ತುಮಾಡಿದ್ದರು. ಅವಳು ಅವನ ಕಡೆ ನೋಡಿ ತಲೆಯಾಡಿಸಿದಳು, ಶುರುಮಾಡು ಎಂಬಂತೆ.

ಗುಂಡು ಮಾವ ಕೋಲು ಎತ್ತಿದ. ಹೊತ್ತು ತಿರುಗುತ್ತದೆ, ವರ್ಷ ಉರುಳುತ್ತದೆ ಎಂದ. ಜನ ನಕ್ಕರು. ಅದೃಷ್ಟದ ತನಕ ಬಂದ. ಅಲ್ಲಿಂದ ಮುಂದಿನ ಮಾತು ಅವನ ನಾಲಿಗೆಯ ಮೇಲೆ ತಾನಾಗಿಯೇ ಬಂದು ಕೂತಿತ್ತು, ಕುತ್ತಿಗೆಗಳು ಅದಕ್ಕೆ ಕಾಯುತ್ತಿದ್ದವು.

“ಎಲ್ಲರೂ...” ಎಂದು ನಿಲ್ಲಿಸಿದ. ಅವಳನ್ನು ನೋಡಿದ. ಕೋಲನ್ನು ಕಂಬಿಗೆ ಒರಗಿಸಿದ.

“ಎಲ್ಲರೂ ಕೆಳಗೆ ನೋಡಿ. ನನ್ನ ಎಡಗಾಲು ನೋಡಿ.”

ಬೂಟು ಕಂಬಿಯ ಕೆಳಗೆ ಹೋಯಿತು. ಈ ಸಲ ಮೆಲ್ಲಗೆ, ಎಲ್ಲರಿಗೂ ಕಾಣುವಂತೆ. ಟಕ್. ಪರದೆಯ ಮೇಲಿನ ಭೂಮಿ ಒಮ್ಮೆ ಮುಗ್ಗರಿಸಿ ಮುಂದೆ ಹೋಯಿತು. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಬೇಲಿಯೆಲ್ಲ ನಕ್ಕಿತು, ಇದೂ ಅವನ ತಮಾಷೆಯೇ ಎಂದುಕೊಂಡು. ಅವನು ನಗು ಇಳಿಯುವ ತನಕ ನಿಂತಿದ್ದ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಒಂದು ನಗು ಉದ್ದವೆನಿಸಿತು.

“ಇಲ್ಲಿ ಜನ ಬಂದಾಗೆಲ್ಲ ಭೂಮಿ ಜಾಸ್ತಿ ತಿರುಗ್ತಿದ್ದಿದ್ದು ಹೀಗೆ. ನೆಲ ಬಾಗಲ್ಲ. ಗುಂಡು ಸುಳ್ಳು ಹೇಳಲ್ಲ. ಸುಳ್ಳು ಹೇಳಿದ್ದು ಇದು. ಆ ಹುಡುಗಿ ಮೊದಲು ಬರೆದಿದ್ದೇ ಸರಿ ಇತ್ತು. ನಾನು ದಿನಾ ಅವಳ ಎದುರು ಕೂತು ಹೂಂ ಅಂದೆ, ಹೇಳಲಿಲ್ಲ.”

ನಿರ್ದೇಶಕಿ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಕನ್ನಡಕ ಒರೆಸುವ ರೀತಿಯಾಗಿರಲಿಲ್ಲ. ಅಕ್ಕನ ಮಗಳು ಯಾರನ್ನೂ ನೋಡಲಿಲ್ಲ. ಕಂಪ್ಯೂಟರಿನತ್ತ ಹೋದಳು. ಬಗ್ಗಿ ಒಂದು ಸಾಲನ್ನು ಅಳಿಸಿದಳು. ಆಮೇಲೆ ಬೇಲಿ ದಾಟಿ ಬಂದು, ಅವನ ಬೂಟಿನ ಪಕ್ಕದಲ್ಲೇ ಕೂತು, ಬಿದ್ದ ಗೂಟವನ್ನು ಎತ್ತಿ ನಿಲ್ಲಿಸಿದಳು. ಎದ್ದು ಜನರತ್ತ ತಿರುಗಿದಳು.

“ಸ್ವಲ್ಪ ಹೊತ್ತು ಕಾಯಬೇಕಾಗುತ್ತೆ,” ಎಂದಳು.

ಕಾದರು. ಅಷ್ಟು ಜನ ಅಷ್ಟು ಹೊತ್ತು ಮಾತಿಲ್ಲದೆ ನಿಂತದ್ದನ್ನು ಆ ಕಟ್ಟಡ ಹಿಂದೆಂದೂ ಕಂಡಿರಲಿಲ್ಲ. ಗುಂಡು ಹೋಯಿತು, ಬಂತು. ಗೂಟದ ಮೈಯನ್ನು ಸವರಿದಂತೆ ಹೋಯಿತು, ಬಂತು. ಗೂಟ ಒಮ್ಮೆ ಅಲುಗಿ ಸಾವರಿಸಿಕೊಂಡಿತು. ಗುಂಡು ಮಾವ ತನ್ನ ಎರಡೂ ಕಾಲುಗಳನ್ನು ಜೋಡಿಸಿ, ಕಂಬಿಯಿಂದ ಮಾರುದ್ದ ಹಿಂದೆ ನಿಂತಿದ್ದ. ಮತ್ತೆ ಗುಂಡು ಬಂತು. ಟಕ್. ಪರದೆಯ ಮೇಲೆ ಭೂಮಿ ಅಷ್ಟೇ ಅಷ್ಟು, ಒಂದಿಷ್ಟೂ ಹೆಚ್ಚಿಲ್ಲದೆ, ತಿರುಗಿತು.

ಚಪ್ಪಾಳೆ ಅವಳಿಗೆ ಬಿತ್ತು. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಜನ ಹೋದ ಮೇಲೆ ನಿರ್ದೇಶಕಿ ಇಬ್ಬರನ್ನೂ ಒಳಗೆ ಕರೆದರು. ಹುಡುಗಿಯ ಕೆಲಸ ಉಳಿಯಿತು. ಮಾವನ ಕೋಲು ಹೋಯಿತು. ಇನ್ನು ಮುಂದೆ ಭಾಷಣ ಬೇಡ, ಬೆಳಗ್ಗೆ ದಾರ ಸುಟ್ಟು, ಗೂಟ ನಿಲ್ಲಿಸಿ, ನೆಲ ಗುಡಿಸಿದರೆ ಸಾಕು ಎಂದರು. ಅವನು ತಕರಾರು ಮಾಡಲಿಲ್ಲ. ಬಾಗಿಲ ಹೊರಗೆ ಬಂದಾಗ ಅವಳು ಅವನತ್ತ ತಿರುಗಿದಳು.

“ಇಷ್ಟು ದಿನ ನಾನು ಅಳೆದಿದ್ದು ಭೂಮಿನ ಅಲ್ಲ. ನಿನ್ನ ಜಂಭ.”

“ಹೂಂ,” ಎಂದ ಅವನು.

“ಹೂಂ ಅನ್ನಬೇಡ.”

ಮನೆಯಲ್ಲಿ ಅವಳು ಅವನ ತಟ್ಟೆಗೆ ಬಡಿಸಿದಳು, ಮಾತು ಬಡಿಸಲಿಲ್ಲ. ಅಕ್ಕ ಇಬ್ಬರ ಮುಖವನ್ನೂ ನೋಡಿ, ವಿಷಯ ಕೇಳಿ, ತಮ್ಮನ ಬೂಟುಗಳನ್ನು ಹೊಸ್ತಿಲಾಚೆ ತಳ್ಳಿ, “ಮಾಡಿದ್ದುಣ್ಣೋ ಮಹಾರಾಯ” ಎಂದು ಚಕ್ರ ತಿರುಗಿಸಿದಳು.

ಹುಡುಗಿಯ ಮೌನ ಎಷ್ಟು ದಿನ ನಡೆಯಿತೆಂದರೆ, ಗೋಡೆಯ ಹಲ್ಲಿ ಲೊಚಗುಟ್ಟುವುದನ್ನು ಮರೆತಿತು. ಬೆಳಗ್ಗೆ ಅವನು ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಕಡ್ಡಿ ಗೀರುತ್ತಿದ್ದ. ದಾರ ಹರಿಯುವಾಗ ಪಕ್ಕದಲ್ಲಿ ಬೆಂಕಿಪೊಟ್ಟಣ ಹಿಡಿದ ಎರಡು ಪುಟ್ಟ ಕೈಗಳಿವೆಯೇನೋ ಎಂದು ತಿರುಗಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಶಾಲೆಯ ಮಕ್ಕಳ ಗುಂಪೊಂದು ಬೇಲಿ ಹಿಡಿದು ನಿಂತಿತ್ತು. ಗುಂಡು ಮಾವ ಪೊರಕೆ ಹಿಡಿದು ಕಂಬಿಯ ಪಕ್ಕದಲ್ಲಿ ಹಾದುಹೋಗುವಾಗ, ಮೂಲೆಯ ಒಂದು ಕಾಗದದ ಚೂರನ್ನು ತೆಗೆಯಲು ಎಡಗಾಲನ್ನು ಕೊಂಚ, ಕೊಂಚವೇ, ಕಂಬಿಯ ಕೆಳಗೆ ಇಟ್ಟ. ಪರದೆಯ ಮೇಲಿನ ಭೂಮಿ ಗಕ್ಕನೆ ನಿಂತಿತು. ಅದರ ಮೇಲೆ ಆಳೆತ್ತರದ ಅಕ್ಷರಗಳು ಮೂಡಿದವು. ಮಕ್ಕಳು ಒಟ್ಟಿಗೆ, ಪಾಠ ಒಪ್ಪಿಸುವಂತೆ, ಗಟ್ಟಿಯಾಗಿ ಓದಿದರು:

“ಮಾವ, ಕಾಲು ಹಿಂದೆ.”

ಭವನವೆಲ್ಲ ನಕ್ಕಿತು. ಅವನ ಬೋಳುತಲೆ ಕಾದ ಬಾಣಲೆಯಂತೆ ಕೆಂಪಾಯಿತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಭೂಮಿ ಮತ್ತೆ ಹೊರಟಿತು. ಮೇಲೆ ಗುಮ್ಮಟದ ಕ್ಯಾಮೆರಾದ ಕಡೆ ನೋಡಿದ. ಗೂಟ ಬಿಟ್ಟು ಬೇರೇನನ್ನೂ ನೋಡದ ಅದು ಈಗ ಅವನ ಬೂಟನ್ನು ಕಲಿತುಕೊಂಡಿತ್ತು. ಅವಳು ಅದನ್ನು ಎಷ್ಟು ಊಟದ ಹೊತ್ತು ಕೂತು ಕಲಿಸಿದ್ದಳೋ, ಯಾರಿಗೆ ಓದಿ ಹೇಳಿದ್ದಳೋ, ಯಾರು ಹೂಂ ಅಂದಿದ್ದರೋ.

ಪರದೆಯ ಪಕ್ಕದ ಮೇಜಿನ ಹಿಂದೆ ಅವಳು ತಲೆಯೆತ್ತದೆ ಕೂತಿದ್ದಳು. ಆದರೆ ಅವಳ ಭುಜ ಸಣ್ಣಗೆ ಅಲುಗುತ್ತಿತ್ತು. ನಗುತ್ತಿದ್ದಾಳೋ ಏನೋ, ಅಷ್ಟು ದೂರದಿಂದ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಒಂದೇ ದಾರಿಯಿತ್ತು. ಕಾಗದದ ಚೂರು ಇನ್ನೂ ಅಲ್ಲೇ ಬಿದ್ದಿತ್ತು. ಗುಂಡು ಮಾವ ಪೊರಕೆಯನ್ನು ಬಲಗೈಗೆ ಬದಲಿಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಎಡಗಾಲನ್ನು ಮತ್ತೊಮ್ಮೆ ಕಂಬಿಯ ಕೆಳಗೆ ಇಟ್ಟ.